ಐದನೆಯವನ ಎರಂಗಲ್: ಆನ್‌ಲೈನ್ ಆಟದ ಲೋಕಗಳು ಹೋಳಾದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೆಳಗೋಡಿನಿಂದ ಮಾತಾಡ್ತಾ ಇದ್ದೀನಿ. ಹಿಂದೆ ಜಿರ್ರ್ ಅಂತ ಶಬ್ದ ಕೇಳ್ತಾ ಇದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ, ಅದು ನಮ್ಮ ತೋಟದ ಜೀರುಂಡೆ. ಕಿಟಕಿ ಎಷ್ಟು ಭದ್ರ ಮಾಡಿದ್ರೂ ಒಳಗೆ ಬರುತ್ತೆ.

2020ರ ಲಾಕ್‌ಡೌನ್ ದಿನಗಳಿಂದ ಶುರು ಮಾಡ್ತೀನಿ. ನಾನು ಬಿ.ಕಾಂ. ಮುಗಿಸಿ ಮನೇಲಿದ್ದೆ. ನಮ್ಮ ಮನೆ ಹತ್ತಿರ ಸಿಗ್ನಲ್ ಬೇಕು ಅಂದ್ರೆ ತೋಟ ದಾಟಿ ಗುಡ್ಡ ಹತ್ತಬೇಕು. ಹಗಲು ಹೊತ್ತಲ್ಲಿ ಅಲ್ಲಿ ಶಾಲೆ ಮಕ್ಕಳ ಆನ್‌ಲೈನ್ ಕ್ಲಾಸು, ಸಂಜೆ ನಮ್ಮ ಪಬ್‌ಜಿ. ಒಂದು ಹಾಸುಬಂಡೆ ಮೇಲೆ ಐದು ಜನ ಕೂರ್ತಿದ್ವಿ. ಆದ್ರೆ ಪಬ್‌ಜಿಯಲ್ಲಿ ಒಂದು ಸ್ಕ್ವಾಡ್ ಅಂದ್ರೆ ನಾಲ್ಕೇ ಜನ. ಹಾಗಾಗಿ ದಿನಾ ಒಬ್ಬ ಹೊರಗೆ ಉಳೀತಿದ್ದ. ಅವನು ಒಬ್ಬನೇ ಬೇರೆ ಮ್ಯಾಚ್‌ಗೆ ಹೋಗ್ತಿದ್ದ. ಅದೇ ಎರಂಗಲ್ ದ್ವೀಪ, ಅದೇ ಪೊಚಿಂಕಿ ಊರು, ಅದೇ ಮನೆ, ಅದೇ ಬಾಗಿಲು. ಭುಜಕ್ಕೆ ಭುಜ ತಾಗಿಸಿ ಕೂತಿದ್ದೀವಿ, ಆದ್ರೆ ಅವನ ಪೊಚಿಂಕಿಯಲ್ಲಿ ನಾವಿಲ್ಲ, ನಮ್ಮ ಪೊಚಿಂಕಿಯಲ್ಲಿ ಅವನಿಲ್ಲ. ಯಾಕಂದ್ರೆ ಆ ದ್ವೀಪ ಒಂದೇ ಅಲ್ಲ. ಪ್ರತಿ ನೂರು ಜನರ ಆಟಕ್ಕೂ ಸರ್ವರ್ ಹೊಸದೊಂದು ಪ್ರತಿ ತೆಗೆಯುತ್ತೆ, ಆಟ ಮುಗಿದ ಮೇಲೆ ಅದನ್ನ ಅಳಿಸಿಹಾಕುತ್ತೆ.

ಹೀಗೆ ಪ್ರತಿ ತೆಗೆಯೋದಕ್ಕೆ ಆಟದವರ ಭಾಷೆಯಲ್ಲಿ ಇನ್‌ಸ್ಟನ್ಸ್ ಅಂತಾರೆ. ಇವತ್ತು ಅದು ನಮಗೆ ಎಷ್ಟು ಸಹಜ ಆಗಿಬಿಟ್ಟಿದೆ ಅಂದ್ರೆ, ಬೇರೆ ತರ ಇರಬಹುದು ಅಂತ ಹೊಳೆಯೋದೂ ಇಲ್ಲ. ಆದ್ರೆ ಆನ್‌ಲೈನ್ ಆಟದ ಚರಿತ್ರೆಯಲ್ಲಿ ಮೊದಲ ಇಪ್ಪತ್ತು ವರ್ಷ ಬಹುಮಟ್ಟಿಗೆ ಬೇರೆ ತರಾನೇ ಇತ್ತು. ಅದು ಯಾಕೆ ಬದಲಾಯ್ತು, ಬದಲಾದಾಗ ಯಾರಿಗೆ ಏನು ಸಿಕ್ತು, ಏನು ಹೋಯ್ತು ಅನ್ನೋದೇ ಇವತ್ತಿನ ಕಥೆ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಅನ್ನೋ ವಿದ್ಯಾರ್ಥಿ ಮಡ್ ಅನ್ನೋ ಆಟ ಬರೆಯೋಕೆ ಶುರು ಮಾಡಿದ. ಆಮೇಲೆ ರಿಚರ್ಡ್ ಬಾರ್ಟಲ್ ಅದನ್ನ ಮುಂದುವರಿಸಿದ. ಚಿತ್ರ ಇಲ್ಲ, ಬರೀ ಅಕ್ಷರ. ಆದ್ರೆ ಒಂದು ಕೋಣೆಯಲ್ಲಿ ನಿಧಿ ಇದ್ದು, ಅದನ್ನ ನೀವು ಎತ್ತಿಕೊಂಡ್ರೆ ನನಗಿಲ್ಲ. ಲೋಕ ಒಂದೇ, ಅದರೊಳಗೆ ಎಲ್ಲರೂ.

1997ರ ಸೆಪ್ಟೆಂಬರ್‌ನಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಇದೇ ಆಸೆಯನ್ನ ಚಿತ್ರಗಳ ಜೊತೆ, ಸಾವಿರಾರು ಜನರಿಗೆ ತಂತು. ಎಲ್ಲರನ್ನೂ ಒಂದೇ ಯಂತ್ರದಲ್ಲಿ ಹಿಡಿಸೋಕೆ ಆಗಲ್ವಲ್ಲ, ಹಾಗಾಗಿ ಹಲವು ಸರ್ವರ್ ಇಟ್ರು. ಅದಕ್ಕೊಂದು ಪುರಾಣಾನೂ ಕಟ್ಟಿದ್ರು: ಮಾಂತ್ರಿಕನ ಮಣಿಯೊಂದು ಒಡೆದು ಚೂರಾಯ್ತು, ಒಂದೊಂದು ಚೂರಲ್ಲೂ ಆ ಲೋಕದ ಒಂದೊಂದು ಪ್ರತಿಬಿಂಬ ಉಳೀತು ಅಂತ. ಇವತ್ತಿಗೂ ಎಂಜಿನಿಯರ್‌ಗಳು ಸರ್ವರ್ ಪ್ರತಿಗೆ ಶಾರ್ಡ್, ಅಂದ್ರೆ ಚೂರು ಅನ್ನೋದುಂಟು.

ಆ ಆಟ ಮಾಡಿದವರಿಗೆ ಇನ್ನೊಂದು ದೊಡ್ಡ ಆಸೆ ಇತ್ತು. ಮೊಲ ಹುಲ್ಲು ತಿನ್ನಬೇಕು, ತೋಳ ಮೊಲ ತಿನ್ನಬೇಕು, ಮೊಲ ಕಡಿಮೆಯಾದ್ರೆ ತೋಳ ಊರ ಕಡೆ ಬರಬೇಕು. ಕಾಡಿನ ಲೆಕ್ಕ. ಪರೀಕ್ಷೆಗೆ ಅಂತ ಜನರನ್ನ ಒಳಗೆ ಬಿಟ್ರು. ಜನ ಕಂಡದ್ದನ್ನೆಲ್ಲ ಕೊಂದು ಹಾಕಿದ್ರು. ಮೊಲ ಹುಟ್ಟೋದಕ್ಕಿಂತ ಬೇಗ ಸಾಯ್ತಿತ್ತು. ಕಾಡಿನ ಲೆಕ್ಕವನ್ನೇ ತೆಗೆದುಹಾಕಬೇಕಾಯ್ತು. ಇದರ ಜೊತೆಗೆ ಊರ ಹೊರಗೆ ಕಾಲಿಟ್ಟ ಹೊಸಬರನ್ನ ಹಳಬರು ಕೊಂದು ದೋಚೋದು ಬೇರೆ. ಕೊನೆಗೆ 2000ದಲ್ಲಿ ಕಂಪನಿ ಇಡೀ ಲೋಕದ ಎರಡನೇ ಪ್ರತಿ ಮಾಡಿತು. ಫೆಲುಕಾ ಅನ್ನೋದು ಹಳೆಯದು, ಅಲ್ಲಿ ಕೊಲ್ಲಬಹುದು. ಟ್ರಾಮೆಲ್ ಅನ್ನೋದು ಹೊಸದು, ಅಲ್ಲಿ ಒಪ್ಪಿಗೆ ಇಲ್ಲದೆ ಕೊಲ್ಲೋ ಹಾಗಿಲ್ಲ. ಬಹುಪಾಲು ಜನ ಟ್ರಾಮೆಲ್‌ಗೆ ಹೋದ್ರು. ನಾನಾಗಿದ್ರೂ ಹೋಗ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಕಡೆ, 1999ರ ಮಾರ್ಚ್‌ನಲ್ಲಿ ಬಂದ ಎವರ್‌ಕ್ವೆಸ್ಟ್. ಇಲ್ಲಿ ಜಗಳ ಬೇರೆ ತರದ್ದು. ಒಳ್ಳೆ ಕತ್ತಿನೋ ಬೂಟೋ ಬೇಕಂದ್ರೆ ಒಂದು ರಾಕ್ಷಸನನ್ನ ಕೊಲ್ಲಬೇಕು. ಆ ರಾಕ್ಷಸ ಇಡೀ ಸರ್ವರ್‌ಗೆ ಒಬ್ಬನೇ. ಸತ್ತ ಮೇಲೆ ಮತ್ತೆ ಹುಟ್ಟೋಕೆ ಗಂಟೆಗಟ್ಟಲೆ ಕಾಯಬೇಕು. ಜನ ಅಲ್ಲೇ ಠಿಕಾಣಿ ಹೂಡ್ತಿದ್ರು, ಅದಕ್ಕೆ ಕ್ಯಾಂಪ್ ಅಂತಾನೇ ಹೆಸರು. ನಾನು ಆರು ಗಂಟೆ ಕಾದಿದ್ದೀನಿ, ನೀನು ಈಗ ಬಂದು ಹೊಡೆದ್ಯಾ ಅಂತ ಕಿತ್ತಾಟ. ಆದ್ರೆ ಆ ಕಿತ್ತಾಟದಿಂದಲೇ ಒಂದು ಪದ್ಧತಿ ಹುಟ್ಟಿತು. ಆಟಗಾರರು ತಾವೇ ಸರತಿ ಪಟ್ಟಿ ಮಾಡಿಕೊಂಡ್ರು. ಈಗ ಯಾರದ್ದು, ಮುಂದೆ ಯಾರದ್ದು, ಎದ್ದು ಹೋದ್ರೆ ಜಾಗ ಉಳಿಯುತ್ತಾ ಇಲ್ವಾ, ಎಲ್ಲಕ್ಕೂ ನಿಯಮ. ಪಟ್ಟಿ ಮುರಿದವನ ಹೆಸರು ಸರ್ವರ್ ತುಂಬಾ ಗೊತ್ತಾಗ್ತಿತ್ತು, ಆಮೇಲೆ ಅವನನ್ನ ಯಾರೂ ಗುಂಪಿಗೆ ಸೇರಿಸ್ತಿರಲಿಲ್ಲ.

ಆ ಬೂಟಿಗೆ ನಿಜವಾದ ದುಡ್ಡಿನ ಬೆಲೆಯೂ ಇತ್ತು. 2001ರಲ್ಲಿ ಎಡ್ವರ್ಡ್ ಕಾಸ್ಟ್ರೊನೋವಾ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಹರಾಜಿನ ಬೆಲೆಗಳನ್ನ ಹಿಡಿದು ಎವರ್‌ಕ್ವೆಸ್ಟ್ ಲೋಕದ ತಲಾ ಉತ್ಪನ್ನ ಲೆಕ್ಕ ಹಾಕಿದ: 2,266 ಡಾಲರ್. ಆಗಿನ ರಷ್ಯಾ ಮತ್ತು ಬಲ್ಗೇರಿಯಾದ ನಡುವೆ ಬರುತ್ತೆ. ಬಿ.ಕಾಂ.ನಲ್ಲಿ ನಮಗೆ ಅಭಾವ ಇದ್ರೆ ಬೆಲೆ ಅಂತ ಪಾಠ ಮಾಡಿದ್ರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಜಗಳಕ್ಕೆ ಕಂಪನಿಗಳು ಕಂಡುಕೊಂಡ ಔಷಧಿಯೇ ಇನ್‌ಸ್ಟನ್ಸ್. 2001ರ ಜೂನ್‌ನಲ್ಲಿ ನಾರ್ವೆಯ ಅನಾರ್ಕಿ ಆನ್‌ಲೈನ್ ತಂಡಕ್ಕೊಂದು ಪ್ರತ್ಯೇಕ ಕಟ್ಟಡ ಸೃಷ್ಟಿ ಮಾಡಿಕೊಡ್ತು. 2003ರಲ್ಲಿ ಎವರ್‌ಕ್ವೆಸ್ಟೇ ಅದನ್ನ ಒಪ್ಪಿಕೊಂಡ್ತು. 2004ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದಾಗ, ಬಯಲು ಎಲ್ಲರದ್ದು, ಗುಹೆ ಮಾತ್ರ ಒಬ್ಬೊಬ್ಬರ ತಂಡಕ್ಕೆ ಒಂದೊಂದು ಅಂತ ಆಯ್ತು. 2005ರ ಗಿಲ್ಡ್ ವಾರ್ಸ್ ಇನ್ನೂ ಮುಂದೆ ಹೋಗಿ, ಊರೊಳಗೆ ಮಾತ್ರ ಬೇರೆಯವರು ಕಾಣ್ತಾರೆ, ಊರ ಬಾಗಿಲು ದಾಟಿದ ಮೇಲೆ ನೀವು ಮತ್ತು ನಿಮ್ಮ ತಂಡ ಅಷ್ಟೇ ಅಂತ ಮಾಡ್ತು. ಕಾಯೋದು ತಪ್ಪಿತು. ಬೈಗುಳ ತಪ್ಪಿತು. ಕೆಲಸ ಮುಗಿಸಿ ಬಂದವನಿಗೆ, ದಿನಕ್ಕೆ ಒಂದೇ ಗಂಟೆ ಸಿಗೋ ಗೃಹಿಣಿಗೆ, ಎಲ್ಲರಿಗೂ ರಾಕ್ಷಸ ಸಿಕ್ಕಿದ. ಇದು ಸಣ್ಣ ನ್ಯಾಯ ಅಲ್ಲ.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ತರ್ತೀನಿ, ಆಮೇಲೆ ಆಟಕ್ಕೇ ವಾಪಸ್ ಬರೋಣ. ನಮ್ಮ ಅಜ್ಜಿಯ ತವರು ಆಲೂರಿನ ಕಡೆ. ಅಲ್ಲಿ ಗದ್ದೆಗೆ ಕೆರೆ ನೀರು. ಕೆರೆಗೆ ಒಬ್ಬ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನು ತೂಬು ನೋಡಿಕೊಂಡು ಬಿಡ್ತಿದ್ದ, ಸುಗ್ಗಿಯಲ್ಲಿ ಅವನಿಗೆ ಭತ್ತದ ಪಾಲು. ಜಗಳ ಇರಲಿಲ್ವಾ ಅಂದ್ರೆ, ಬೇಕಾದಷ್ಟು ಇತ್ತು. ರಾತ್ರಿ ಹೋಗಿ ಬದು ಕಡಿಯೋರೂ ಇದ್ರು. ನೀರುಗಂಟಿ ಎಲ್ಲರನ್ನೂ ಒಂದೇ ತರ ನೋಡ್ತಿದ್ದ ಅಂತಾನೂ ಅಜ್ಜಿ ಯಾವತ್ತೂ ಹೇಳಲಿಲ್ಲ. ಆಮೇಲೆ ಬೋರ್‌ವೆಲ್ ಬಂತು. ನಿನ್ನ ನೀರು ನಿನಗೆ, ನನ್ನ ನೀರು ನನಗೆ. ಸರತಿ ಹೋಯ್ತು, ಜಗಳ ಹೋಯ್ತು. ಆದ್ರೆ ಮೇಲೆ ಪೈಪು ಬೇರೆ ಬೇರೆ ಆದ್ರೂ ಕೆಳಗಿನ ನೀರು ಒಂದೇ. ಪಕ್ಕದವನು ಆಳಕ್ಕೆ ಇಳಿಸಿದ್ರೆ ನನ್ನದು ಒಣಗುತ್ತೆ.

ಇನ್‌ಸ್ಟನ್ಸ್ ಕಥೆಯೂ ಹೀಗೇ ಆಯ್ತು. ಸರ್ವರ್‌ಗೆ ಒಬ್ಬನೇ ರಾಕ್ಷಸ ಇದ್ದಾಗ ದಿನಕ್ಕೆ ಎಷ್ಟು ಕತ್ತಿ ಹುಟ್ಟುತ್ತೆ ಅನ್ನೋದಕ್ಕೆ ಮಿತಿ ಇತ್ತು. ಸಾವಿರ ತಂಡಕ್ಕೆ ಸಾವಿರ ಗುಹೆ ಕೊಟ್ರೆ ಸಾವಿರ ರಾಕ್ಷಸರು, ಸಾವಿರ ಕತ್ತಿ, ಮೂಟೆಗಟ್ಟಲೆ ಚಿನ್ನದ ನಾಣ್ಯ. ಗುಹೆ ಬೇರೆ ಬೇರೆ ಆದ್ರೂ ಸಂತೆ ಒಂದೇ. ಎಲ್ಲಾ ಮಾಲೂ ಅಲ್ಲಿಗೇ ಬಂದು ಬೀಳುತ್ತೆ. ಹಾಗಾಗಿ ಕಂಪನಿಗಳು ಎರಡು ಬೀಗ ಹಾಕಿದ್ರು. ಒಂದು, ಒಳ್ಳೆ ವಸ್ತು ಎತ್ತಿಕೊಂಡವನಿಗೇ ಅಂಟಿಕೊಳ್ಳುತ್ತೆ, ಮಾರೋ ಹಾಗಿಲ್ಲ. ಎರಡು, ದೊಡ್ಡ ಗುಹೆಯಲ್ಲಿ ಒಮ್ಮೆ ಗೆದ್ದರೆ ಮುಂದಿನ ವಾರದ ತನಕ ಮತ್ತೆ ಗೆಲ್ಲೋ ಹಾಗಿಲ್ಲ. ಗಮನಿಸಿ ನೋಡಿ, ಇದು ರೇಷನ್ ಕಾರ್ಡ್. ಅಭಾವ ಎಲ್ಲಿಗೂ ಹೋಗಲಿಲ್ಲ. ಮೊದಲು ಅದನ್ನ ಕ್ಯೂನಲ್ಲಿ ನಿಂತವರೇ ಹಂಚಿಕೊಳ್ತಿದ್ರು, ಈಗ ಕಂಪನಿ ಹಂಚುತ್ತೆ.

ಗುಹೆಗಳು ಒಳಗೊಳಗೇ ಸೇರಿಕೊಂಡಿವೆ ಅನ್ನೋದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ 2005ರ ಸೆಪ್ಟೆಂಬರ್ 13. ವಾರ್‌ಕ್ರಾಫ್ಟ್‌ನಲ್ಲಿ ಜುಲ್‌ಗುರುಬ್ ಅನ್ನೋ ಇನ್‌ಸ್ಟನ್ಸ್ ಬಂತು, ಇಪ್ಪತ್ತು ಜನರ ತಂಡಕ್ಕೆ. ಒಳಗಿನ ಹಕ್ಕರ್ ಅನ್ನೋ ದೇವತೆ ಒಂದು ರೋಗ ಅಂಟಿಸ್ತಾನೆ, ಅದು ಹತ್ತಿರ ನಿಂತವರಿಗೆ ಹರಡುತ್ತೆ. ಗುಹೆಯೊಳಗೇ ಮುಗಿಯಬೇಕಾದ ರೋಗ. ಆದ್ರೆ ಬೇಟೆಗಾರರ ಸಾಕುಪ್ರಾಣಿಗೆ ರೋಗ ಹತ್ತಿದಾಗ ಅದನ್ನ ಒಳಗೆ ಕಳಿಸಿಬಿಟ್ಟು, ಊರಿಗೆ ಬಂದು ಮತ್ತೆ ಕರೆದ್ರೆ ರೋಗ ಜೊತೆಗೇ ಬರ್ತಿತ್ತು. ರಾಜಧಾನಿಗಳಲ್ಲಿ ರೋಗ ಹಬ್ಬಿತು, ಬೀದಿ ತುಂಬಾ ಅಸ್ಥಿಪಂಜರ. ಕೆಲವರು ವಾಸಿ ಮಾಡೋಕೆ ನಿಂತ್ರು, ಕೆಲವರು ಊರು ಬಿಟ್ಟು ಓಡಿದ್ರು, ಕೆಲವರು ಬೇಕಂತಲೇ ಹರಡಿದ್ರು. ಕೊನೆಗೆ ಸರ್ವರ್ ರೀಸೆಟ್ ಮಾಡಬೇಕಾಯ್ತು. 2007ರಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಇದರ ಬಗ್ಗೆ ಲ್ಯಾನ್ಸೆಟ್ ಬಳಗದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಬರೆದ್ರು. 2020ರಲ್ಲಿ ನಮ್ಮ ಗುಡ್ಡದ ಮೇಲೆ ಕೂತು ಅದನ್ನ ಓದಿದಾಗ ನನಗೆ ಆಟದ ಕಥೆ ಅನ್ನಿಸಲೇ ಇಲ್ಲ.

ಇನ್ನು ನನ್ನ ಕಥೆ. ನಾನು ಮೊದಲು ಆಡಿದ್ದು ರೂನ್‌ಸ್ಕೇಪ್. ಸಕಲೇಶಪುರದ ಒಂದು ಸೈಬರ್ ಕೆಫೆ, ಹೈಸ್ಕೂಲ್ ದಿನಗಳು. 2001ರಲ್ಲಿ ಇಂಗ್ಲೆಂಡಿನ ಗವರ್ ಸಹೋದರರು ಮಾಡಿದ ಆಟ ಅದು. ಬ್ರೌಸರ್‌ನಲ್ಲೇ ಓಡ್ತಿತ್ತು, ಡೌನ್‌ಲೋಡ್ ಬೇಡ, ದುಡ್ಡು ಬೇಡ, ಹಳೇ ಕಂಪ್ಯೂಟರ್ ಸಾಕು. ಒಂದೊಂದು ಸರ್ವರ್‌ಗೆ 2,000 ಜನ. ಅಲ್ಲಿ ಹೆಚ್ಚುಕಡಿಮೆ ಎಲ್ಲಾ ಬಯಲೇ. ನಾನು ಕಡೀತಾ ಇದ್ದ ಮರಕ್ಕೆ ನೀವೂ ಕೊಡಲಿ ಹಾಕಬಹುದು, ಮರ ಬಿದ್ರೆ ಇಬ್ಬರೂ ಕಾಯಬೇಕು. ನಾನು ಕೊಂದ ಪ್ರಾಣಿಯಿಂದ ಬಿದ್ದ ವಸ್ತು ಸುಮಾರು ಒಂದು ನಿಮಿಷ ನನಗೆ ಮಾತ್ರ ಕಾಣುತ್ತೆ, ಆಮೇಲೆ ಎಲ್ಲರಿಗೂ. ನಮ್ಮ ಗದ್ದೆಯ ಹಕ್ಕಲು ಇದ್ದ ಹಾಗೆ. ಕುಯ್ಲು ಮುಗಿಯೋ ತನಕ ಮಾಲೀಕನದ್ದು, ಆಮೇಲೆ ಉಳಿದ ತೆನೆ ಆಯ್ಕೊಂಡವರದ್ದು.

ಬಾರ್ಬೇರಿಯನ್ ವಿಲೇಜ್ ಅಂತ ಒಂದು ಜಾಗ. ಅಲ್ಲಿ ಹೊಳೆ ದಡದಲ್ಲಿ ಜನ ಸಾಲಾಗಿ ನಿಂತು ಮೀನು ಹಿಡೀತಿದ್ರು. ಒಂದಿನ ಪಕ್ಕದಲ್ಲಿ ನಿಂತಿದ್ದವನ ತಲೆ ಮೇಲೆ ಹಳದಿ ಅಕ್ಷರ ಬಂತು. ಇಂಗ್ಲಿಷ್ ಲಿಪಿ, ಮಾತು ಮಾತ್ರ ಕನ್ನಡ: "ಥೂ, ಮತ್ತೆ ಕರೆಂಟ್ ಹೋಗೋ ಹಂಗಿದೆ." ಯಾರಿಗೂ ಹೇಳಿದ್ದಲ್ಲ, ತನ್ನಷ್ಟಕ್ಕೆ ಬೈಕೊಂಡಿದ್ದು. ನಾನು "ಯಾವೂರು ಮಾರಾಯ" ಅಂದೆ. ಆಲೂರು. ಬಸ್ಸಲ್ಲಿ ಸ್ವಲ್ಪ ಹೊತ್ತಿನ ದಾರಿ! ಅವತ್ತು ಎರಡೂ ಕಡೆ ಕರೆಂಟ್ ಹೋಯ್ತು ಅನ್ನೋದು ಬೇರೆ ಮಾತು. ಮುಂದೆ ಹಾಸನದಲ್ಲಿ ಕಾಲೇಜಿಗೆ ಸೇರಿದಾಗ ಭೇಟಿ ಆದ್ವಿ. ಈ ಸಂಚಿಕೆ ಎಡಿಟ್ ಮಾಡಿರೋದು ಅವನೇ.

ಅದು ತಂಡ ಕಟ್ಟಿಕೊಂಡು ಹೋಗೋ ಗುಹೆ ಆಗಿದ್ರೆ ಅವನು ಅಲ್ಲಿ ಇರ್ತಾನೇ ಇರಲಿಲ್ಲ. ನಾನು ಕರೆಯದೇ ಇದ್ದವನು ನನ್ನ ಪಕ್ಕ ನಿಲ್ಲೋಕೆ ಜಾಗ ಬೇಕಲ್ಲ. 2009ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್ ಇನ್ನೊಂದು ಸೌಕರ್ಯ ತಂತು. ಒಂದು ಬಟನ್ ಒತ್ತಿದ್ರೆ ಬೇರೆ ಬೇರೆ ಸರ್ವರ್‌ನಿಂದ ಐದು ಜನರನ್ನ ಹುಡುಕಿ ನೇರ ಗುಹೆಯೊಳಗೆ ಇಳಿಸುತ್ತೆ. ಬಾಗಿಲ ತನಕ ನಡೆಯೋದೂ ಬೇಡ. ಜೊತೆಗಿದ್ದವನು ಮತ್ತೆ ಸಿಗೋ ಸಾಧ್ಯತೆ ಇಲ್ಲ ಅಂದ ಮೇಲೆ ಮಾತಾಡೋದು ಯಾಕೆ, ಹೆಸರು ಕೆಡಿಸಿಕೊಳ್ಳೋ ಭಯ ಯಾಕೆ?

ಇಷ್ಟು ಹೇಳಿದ ಮೇಲೂ ಹಳೇ ಕಾಲಾನೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಆರು ಗಂಟೆ ಕಾಯೋಕೆ ಯಾರಿಗೆ ಪುರುಸೊತ್ತು ಇತ್ತೋ ಅವರಿಗೆ ಅದು ಚೆನ್ನಾಗಿತ್ತು. ಆದ್ರೆ ಜನಕ್ಕೆ ಹಂಚಿಕೊಳ್ಳೋಕೆ ಬರಲ್ಲ, ಅದಕ್ಕೇ ಗೋಡೆ ಹಾಕಿದ್ವಿ ಅನ್ನೋ ಮಾತು ಪೂರ್ತಿ ನಿಜ ಅಲ್ಲ. 2019ರ ಆಗಸ್ಟ್‌ನಲ್ಲಿ ವಾರ್‌ಕ್ರಾಫ್ಟ್ ತನ್ನ ಹಳೇ ರೂಪವನ್ನ ಕ್ಲಾಸಿಕ್ ಅಂತ ಮತ್ತೆ ಬಿಟ್ಟಿತು. ಮೊದಲ ದಿನ ನೂಕುನುಗ್ಗಲು. ಕೊಲ್ಲಬೇಕಾದ ಒಬ್ಬ ರಾಕ್ಷಸನಿಗಾಗಿ ಜನ ಏನು ಮಾಡಿದ್ರು ಗೊತ್ತಾ? ಯಾರೂ ಹೇಳದೇನೇ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತ್ರು. ಆ ಚಿತ್ರಗಳು ಆಗ ಎಲ್ಲಾ ಕಡೆ ಓಡಾಡಿದ್ವು.

ನಮ್ಮ ಗುಡ್ಡದ ಮೇಲೆ, 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ನಿಷೇಧಿಸಿತು. ಆಮೇಲೂ ಕೆಲವು ದಿನ ಐದೂ ಜನ ಅಭ್ಯಾಸಬಲದಿಂದ ಅಲ್ಲಿಗೆ ಹೋಗ್ತಿದ್ವಿ. ಒಬ್ಬ ಲೂಡೋ ಹಾಕಿದ. ಅದರಲ್ಲೂ ನಾಲ್ಕೇ ಜನ. ಆದ್ರೆ ಅದು ಒಂದೇ ಫೋನಿನಲ್ಲಿ ಆಡೋದು, ಹಾಗಾಗಿ ಐದನೆಯವನು ಪಕ್ಕ ಕೂತು ಎಲ್ಲರ ಕಾಯಿ ನೋಡ್ತಾ, ಬೇಡದ ಸಲಹೆ ಕೊಡ್ತಾ, ಬೈಸಿಕೊಳ್ತಾ ಇದ್ದ. ಆ ಐದನೆಯವನು ಹೆಚ್ಚಾಗಿ ನಾನೇ.

ನಿಮಗೂ ಯಾವುದೋ ಆಟದ ಬಯಲಲ್ಲಿ ಹೀಗೆ ಅಕಸ್ಮಾತ್ ಸಿಕ್ಕಿದ ಗೆಳೆಯರಿದ್ರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಕಾಫಿ ಕುಯ್ಲು ಶುರುವಾಗ್ತಾ ಇದೆ, ಒಂದು ವಾರ ಹೆಚ್ಚುಕಡಿಮೆ ಆದ್ರೆ ಬೇಜಾರು ಮಾಡ್ಕೋಬೇಡಿ.