ಹುಟ್ಟಿದೂರಿನ ತಕರಾರು: ಇಂಗಳೇಶ್ವರ ಮತ್ತು ಬೆತ್ಲೆಹೇಮು

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಗೂ ಅದರ ನೆರೆಯ ಇಂಗಳೇಶ್ವರಕ್ಕೂ ನಡುವೆ ಒಂದು ಹಳೆಯ ತಕರಾರಿದೆ. ಬಸವಣ್ಣ ಹುಟ್ಟಿದ್ದು ಎಲ್ಲಿ? ಬಾಗೇವಾಡಿ ತಂದೆ ಮಾದರಸನ ಊರು, ಇಂಗಳೇಶ್ವರ ತಾಯಿ ಮಾದಲಾಂಬಿಕೆಯ ತವರು. ಬಾಣಂತನ ತವರಿನಲ್ಲಿ ಆಗುವುದು ರೂಢಿ, ಆದ್ದರಿಂದ ಕೂಸು ಕಣ್ಣು ಬಿಟ್ಟದ್ದೂ ಅಲ್ಲೇ ಎಂಬುದು ಇಂಗಳೇಶ್ವರದ ವಾದ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ಶಿಲಾಮಂಟಪ ಆ ಊರಿನ ಅಭಿಮಾನಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಮೇಲ್ನೋಟಕ್ಕೆ ಇದು ಎರಡು ಊರುಗಳ ಅಭಿಮಾನದ ಮಾತು, ಅಷ್ಟೇ. ಆದರೆ ದೇವರನ್ನು ನಂಬುವವರು, ನಂಬದವರು, ಕ್ರಿಸ್ತನಲ್ಲಿ ವಿಶ್ವಾಸ ಇಟ್ಟವರು ಸತ್ಯವನ್ನು ಹೇಗೆ ಹುಡುಕುತ್ತಾರೆ, ಎಲ್ಲಿ ಹುಡುಕಾಟ ನಿಲ್ಲಿಸುತ್ತಾರೆ ಎಂದು ಅಳೆಯಬೇಕಾದರೆ ಇಂಥ ಸಣ್ಣ ಕೊಳಗವೇ ಮೇಲು. ದೇವರಿದ್ದಾನೆಯೇ ಎಂಬ ದೊಡ್ಡ ಪ್ರಶ್ನೆಗೆ ಯಾರು ಏನು ಹೇಳಿದರೂ ನಡೆಯುತ್ತದೆ. ಒಬ್ಬ ಮನುಷ್ಯ ಯಾವ ಊರಿನಲ್ಲಿ ಹುಟ್ಟಿದ ಎಂಬ ಪ್ರಶ್ನೆಗೆ ಆಧಾರ ತೋರಿಸಲೇಬೇಕು.

ಆಧಾರಗಳು ಇರುವುದೇ ನಾಲ್ಕಾರು. ಬಸವಣ್ಣನ ಕಾಲಕ್ಕೆ ಹತ್ತಿರದವನಾದ ಹರಿಹರ ತನ್ನ ರಗಳೆಯಲ್ಲಿ ಬಾಗೇವಾಡಿಯಿಂದಲೇ ಕಥೆ ಆರಂಭಿಸುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಹಿಂಗುಳೇಶ್ವರ, ಬಾಗೇವಾಡಿ ಎಂಬ ಎರಡು ಹೆಸರೂ ಜೊತೆಯಲ್ಲೇ ಬರುತ್ತವೆ; ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಕನ್ನಡ ಬಸವಪುರಾಣ ಬರೆದ. ಪುರಾಣದಲ್ಲಿ ಜೋಡಿಯಾಗಿ ಕೂತ ಹೆಸರುಗಳನ್ನು ಮುಂದಿನ ಜನ ತಂದೆಯ ಊರು, ತಾಯಿಯ ಊರು ಎಂದು ಹಂಚಿಕೊಂಡಂತೆ ಕಾಣುತ್ತದೆ. ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ. ಅದು ಬಾಗೇವಾಡಿಯನ್ನೂ ಮಾದಿರಾಜನನ್ನೂ (ಮಾದರಸನೇ ಈತ) ಹೆಸರಿಸಿ, ಬಸವಣ್ಣನಿಗೆ ದೇವರಾಜ ಎಂಬ ಅಣ್ಣ ಇದ್ದನೆಂದು ಹೇಳುತ್ತದೆ. ಅಲ್ಲಿಗೆ ಇಂಗಳೇಶ್ವರದ ವಾದ ಸ್ವಲ್ಪ ಸಡಿಲವಾಗುತ್ತದೆ: ತವರಿನ ಬಾಣಂತನ ಕಡ್ಡಾಯದಂತೆ ನಡೆಯುವುದು ಚೊಚ್ಚಲಿಗೆ, ಬಸವಣ್ಣನೋ ಚೊಚ್ಚಲ ಮಗನಲ್ಲ. ಸಡಿಲವಾಗುತ್ತದೆ ಎಂದೆ, ಬಿದ್ದುಹೋಗುತ್ತದೆ ಎನ್ನಲಿಲ್ಲ. ಎರಡನೆಯ, ಮೂರನೆಯ ಹೆರಿಗೆಗೂ ತವರಿಗೆ ಹೋದವರುಂಟು. ಶಾಸನ ಕೊಡುವುದು ವಂಶವನ್ನು, ಹೆರಿಗೆಯಾದ ಮನೆಯನ್ನಲ್ಲ.

ಇದೇ ಬಗೆಯ ತಕರಾರು ಯೇಸುವಿನ ವಿಷಯದಲ್ಲೂ ಇದೆ. ಮತ್ತಾಯ, ಲೂಕರ ಸುವಾರ್ತೆಗಳು ಆತ ಬೆತ್ಲೆಹೇಮಿನಲ್ಲಿ ಹುಟ್ಟಿದನೆನ್ನುತ್ತವೆ. ಮಾರ್ಕನಿಗೆ ಬೆತ್ಲೆಹೇಮಿನ ಸುದ್ದಿಯೇ ಬೇಕಿಲ್ಲ, ಅವನಿಗೆ ಯೇಸು ನಜರೇತಿನವನು. ಯೋಹಾನನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಜನರೇ ಆಕ್ಷೇಪ ಎತ್ತುತ್ತಾರೆ: ಕ್ರಿಸ್ತ ಬರಬೇಕಾದದ್ದು ಬೆತ್ಲೆಹೇಮಿನಿಂದ, ಇವನು ಗಲಿಲಾಯದವನಲ್ಲವೇ ಎಂದು. ಸುವಾರ್ತೆಕಾರ ಅದಕ್ಕೆ ಉತ್ತರ ಹೇಳದೆ ಮುಂದೆ ಸಾಗುತ್ತಾನೆ. ಲೂಕ ಹೇಳುವ ಕುರೇನ್ಯನ ಜನಗಣತಿ ನಡೆದದ್ದು ಕ್ರಿ.ಶ. 6ರ ಸುಮಾರಿಗೆ, ಮತ್ತಾಯನ ಕಥೆಗೆ ಬೇಕಾದ ಹೆರೋದ ಅರಸ ಕ್ರಿ.ಪೂ. 4ರಲ್ಲೇ ತೀರಿಕೊಂಡಿದ್ದ. ದಾವೀದನ ಊರಿನಿಂದ ಮೆಸ್ಸೀಯ ಬರುವನೆಂಬ ಪ್ರವಾದನೆಗೆ ಹೊಂದಿಸಲು ಹುಟ್ಟಿನ ಕಥೆ ಬೆಳೆಯಿತು ಎಂದು 1835ರಲ್ಲಿ ‘ಯೇಸುವಿನ ಜೀವನ’ ಎಂಬ ಗ್ರಂಥದಲ್ಲಿ ವಾದಿಸಿದವನು ಡೇವಿಡ್ ಫ್ರೀಡ್ರಿಖ್ ಸ್ಟ್ರಾಸ್. ಅವನು ಧರ್ಮದ ಹೊರಗೆ ನಿಂತು ಕಲ್ಲು ಬೀಸಿದವನಲ್ಲ, ಟ್ಯೂಬಿಂಗನ್ನಿನ ದೇವತಾಶಾಸ್ತ್ರದ ಶಾಲೆಯಲ್ಲಿ ಪಾಠ ಹೇಳಿದವನು. ಆ ಪುಸ್ತಕ ಅವನ ಕೆಲಸವನ್ನು ಕಿತ್ತುಕೊಂಡಿತು. 1839ರಲ್ಲಿ ಜೂರಿಕ್ ಅವನನ್ನು ಪ್ರಾಧ್ಯಾಪಕನೆಂದು ನೇಮಿಸಿ, ಜನರು ದಂಗೆ ಎದ್ದದ್ದರಿಂದ ಕೂರಿಸುವ ಮೊದಲೇ ಪಿಂಚಣಿ ಕೊಟ್ಟು ಕಳಿಸಿತು.

ಈ ಟ್ಯೂಬಿಂಗನ್ನಿಗೂ ನಮ್ಮ ಕಡೆಗೂ ಇರುವ ನಂಟು ದೂರದ್ದಲ್ಲ. ಅಲ್ಲೇ ದೇವತಾಶಾಸ್ತ್ರ ಓದಿದ ಹರ್ಮನ್ ಮೋಗ್ಲಿಂಗ್, ಸ್ಟ್ರಾಸನ ಪುಸ್ತಕ ಬಂದ ಮರುವರ್ಷ, 1836ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದ ಮಿಷನ್ನು ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ಹಾದು ಬಿಜಾಪುರದವರೆಗೂ ಬೆಳೆಯಿತು. ಸ್ಟ್ರಾಸನ ವಿಚಾರವನ್ನು ಕಂಡರಾಗದ ಭಕ್ತಿಪಂಥದ ಜನ ಇವರು. ಆದರೂ ಬಸವಪುರಾಣವನ್ನು ಅಚ್ಚಿಗೆ ತಂದವರು ಮೋಗ್ಲಿಂಗ್, ಅದರ ಸಾರವನ್ನು 1860ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಇಂಗ್ಲಿಷಿನಲ್ಲಿ ಕೊಟ್ಟವರು ವ್ಯೂರ್ತ್, 1894ರ ಹೊತ್ತಿಗೆ ಕನ್ನಡ ನಿಘಂಟನ್ನು ಮುಗಿಸಿದವರು ಕಿಟ್ಟೆಲ್. ಇಲ್ಲೊಂದು ಆಕ್ಷೇಪ ಏಳುತ್ತದೆ, ಏಳಬೇಕಾದದ್ದೇ: ಇವರು ಓದಿದ್ದು ಮತಾಂತರಕ್ಕೆ, ಸತ್ಯಕ್ಕಲ್ಲ. ಉದ್ದೇಶ ಅದೇ ಆಗಿತ್ತು, ಮುಚ್ಚಿಡುವಂಥದ್ದೇನೂ ಇಲ್ಲ. 1840ರ ಆಸುಪಾಸಿನಲ್ಲಿ ಕಾಲಜ್ಞಾನಿಗಳೆಂಬ ಪಂಥದ ಜನ, ತಮ್ಮ ಕಾಲಜ್ಞಾನ ವಚನಗಳಲ್ಲಿ ಮುಂದಾಗಿ ಹೇಳಿದ ಗುರುಗಳು ಇವರೇ ಎಂದುಕೊಂಡು ಪಾದ್ರಿಗಳ ಬಳಿ ಬಂದಾಗ, ಗದಗದ ಹತ್ತಿರ ಮಲಸಮುದ್ರದಲ್ಲಿ ಅವರಿಗಾಗಿ ಒಂದು ಒಕ್ಕಲು ನೆಲೆಯನ್ನೇ ಕಟ್ಟಲು ಮಿಷನ್ನು ಹೊರಟಿತು, ಅದು ಕೈಗೂಡಲಿಲ್ಲ. ಪ್ರವಾದನೆಗೆ ಹೊಂದಿಸಿ ವ್ಯಕ್ತಿಯನ್ನು ಕಾಣುವ ಮನಸ್ಸಿನ ಬಗ್ಗೆ ಸ್ಟ್ರಾಸ್ ಹೇಳಿದ್ದನ್ನು ಒಪ್ಪದವರ ಎದುರಿಗೇ, ಹಗಲು ಬೆಳಕಿನಲ್ಲಿ, ಅದೇ ಮನಸ್ಸು ಕೆಲಸ ಮಾಡಿತ್ತು. ಆದರೆ ಉದ್ದೇಶ ಕೆಟ್ಟಿದ್ದರೆ ಆಧಾರವೂ ಕೆಡುತ್ತದೆಯೇ? ಕಿಟ್ಟೆಲ್ ಕೊಟ್ಟ ಅರ್ಥವನ್ನು ಇನ್ನೊಬ್ಬ ತಾಳೆಗರಿ ಹಿಡಿದು ತಪ್ಪೋ ಸರಿಯೋ ನೋಡಬಹುದು, ಅಲ್ಲಿ ಕಿಟ್ಟೆಲರ ವಿಶ್ವಾಸ ಅಡ್ಡ ಬರುವುದಿಲ್ಲ. ಮತ್ತೊಬ್ಬರು ತಪಾಸಣೆ ಮಾಡಲು ಬಾಗಿಲು ತೆರೆದಿಟ್ಟ ಕೆಲಸವನ್ನು ಮಾಡಿದವನ ಜಾತಿ, ಮತ ಕೇಳಿ ತಳ್ಳಿಹಾಕುವುದು ಸೋಮಾರಿತನ.

ಈ ಮಾತಿಗೆ ಒಳ್ಳೆಯ ನಿದರ್ಶನ ಚನ್ನಪ್ಪ ಉತ್ತಂಗಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಪಾಲಕರಾಗಿ ದುಡಿದವರು; ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು; 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕಲ್ಯಾಣದಲ್ಲಿ ಶರಣರು ಕೂಡಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪ ನಿಜವಾಗಿ ಇತ್ತೇ, ಕವಿಗಳ ಕಲ್ಪನೆಯೇ ಎಂಬ ಸಂಶಯ ಎದ್ದಾಗ ಅದು ಐತಿಹಾಸಿಕವೆಂದು ವಾದಿಸಿ 1951ರಲ್ಲಿ ಪುಸ್ತಕ ಬರೆದದ್ದು ಈ ಕ್ರೈಸ್ತ ಪಾದ್ರಿ. ಅದಕ್ಕೂ ಮೊದಲು, 1923ರಲ್ಲಿ, ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಆಯ್ದು ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದಿದ್ದರು. ಇಬ್ಬರ ಮನೆದೇವರು ಬೇರೆ, ಹಿಡಿದ ಹಾದಿ ಒಂದೇ. ನಾಸ್ತಿಕರ ಕಡೆಯಿಂದ ಇಲ್ಲಿ ಬರುವ ಪ್ರಶ್ನೆ ಚುರುಕಾದದ್ದು: ಕಲ್ಯಾಣದ ಮಂಟಪಕ್ಕೆ ಸಾಕ್ಷಿ ಹುಡುಕಿದ ಉತ್ತಂಗಿಯವರು ಬೆತ್ಲೆಹೇಮಿನ ಗೋದಲಿಗೂ ಅದೇ ಬಿಗುವಿನಿಂದ ಸಾಕ್ಷಿ ಕೇಳುತ್ತಿದ್ದರೇ? ಆಸ್ತಿಕರು ತಮ್ಮ ಮನೆಯ ಹೊಸ್ತಿಲಿಗೆ ಬಂದಾಗ ದೀಪ ಆರಿಸುತ್ತಾರೆ ಎಂಬ ಈ ದೂರಿನಲ್ಲಿ ನಿಜವಿದೆ. ಆದರೆ ಸುವಾರ್ತೆಗಳ ಒಳಗಿನ ವಿರೋಧಗಳನ್ನು ಬಿಡಿಸಿ ತೋರಿಸಿದವರಲ್ಲಿ ಬಹುಪಾಲು ಜನ ದೇವತಾಶಾಸ್ತ್ರ ಓದಿದವರೇ, ಸ್ಟ್ರಾಸನಂತೆ. ಹೊಸ್ತಿಲಲ್ಲಿ ನಿಂತವರುಂಟು, ದಾಟಿದವರೂ ಉಂಟು.

ನಂಬದವರೂ ಎಡವಿದ್ದಾರೆ. ಹುಟ್ಟಿನ ಕಥೆ ಕಟ್ಟುಕಥೆಯಾದರೆ ಮನುಷ್ಯನೇ ಕಟ್ಟುಕಥೆ ಎಂದು ಜಿಗಿಯುವವರಿದ್ದಾರೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿಸ್ತನನ್ನು ಪಿಲಾತನ ಅಧಿಕಾರದಲ್ಲಿ ಕೊಂದರೆಂದು ಬರೆದದ್ದು 116ರ ಸುಮಾರಿಗೆ, ಘಟನೆ ನಡೆದು ಎಂಬತ್ತು ಚಿಲ್ಲರೆ ವರ್ಷಗಳ ಮೇಲೆ. ಬಸವಣ್ಣನ ಕಾಲಕ್ಕೂ ಅರ್ಜುನವಾಡದ ಶಾಸನಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ, ತೊಂಬತ್ತರ ಆಸುಪಾಸು. ಒಂದನ್ನು ಒಪ್ಪಿ ಇನ್ನೊಂದನ್ನು ಜರೆಯಲು ಕಾರಣವಿಲ್ಲ. ಎರಡೂ ಹೇಳುವುದು ಒಬ್ಬ ಮನುಷ್ಯ ಇದ್ದ ಎಂದು. ಬಸವಣ್ಣ ನಂದಿಯ ಅವತಾರ, ಯೇಸು ದೇವರ ಮಗ ಎಂಬ ಮಾತು ಕಲ್ಲಿನ ಮೇಲೂ ಗ್ರಂಥದಲ್ಲೂ ಇದ್ದರೂ ಅದು ಬರೆದವರ ಭಕ್ತಿಗೆ ಸಾಕ್ಷಿಯೇ ಹೊರತು ಬೇರಾವುದಕ್ಕೂ ಅಲ್ಲ. ಎ.ಎನ್. ಮೂರ್ತಿರಾಯರು 1991ರ ‘ದೇವರು’ ಕೃತಿಯಲ್ಲಿ ದೇವರ ಇರವನ್ನು ಅಲ್ಲಗಳೆದದ್ದು ನೋವು, ಅನ್ಯಾಯ, ತರ್ಕಗಳ ಬಲದಿಂದ. ಯಾವ ಸಂತನೂ ಹುಟ್ಟಲೇ ಇಲ್ಲವೆಂದು ಸಾಧಿಸುವ ಹಂಗು ಅವರಿಗೆ ಬೇಕಿರಲಿಲ್ಲ. ನಾಸ್ತಿಕತೆ ಅಂಥ ನೆಲದ ಮೇಲೆ ನಿಂತಾಗ ಗಟ್ಟಿಯಾಗಿರುತ್ತದೆ. ಭಕ್ತರು ಕೊನೆಗೆ ಹೇಳುವ ಮಾತೊಂದಿದೆ: ಸತ್ಯ ಸಿಗುವುದು ಅನುಭಾವದಲ್ಲಿ, ಶಾಸನದ ಅಕ್ಷರದಲ್ಲಲ್ಲ. ಇರಬಹುದು. ಆದರೆ ಅನುಭಾವದಿಂದ ಬದುಕುವ ಬಗೆ ಗೊತ್ತಾದೀತು, ಹೆರಿಗೆಯಾದ ಮನೆ ಇಂಗಳೇಶ್ವರದಲ್ಲಿತ್ತೋ ಬಾಗೇವಾಡಿಯಲ್ಲಿತ್ತೋ ಗೊತ್ತಾಗದು. ಮನೆಯ ಬಗ್ಗೆ ಮಾತಾಡತೊಡಗಿದ ಮೇಲೆ ಭಕ್ತನೂ ಸಾಕ್ಷಿದಾರರ ಸಾಲಿನಲ್ಲೇ ನಿಲ್ಲಬೇಕು.

ಹಾಗೆ ನಿಲ್ಲಿಸಲು ಹೋದವರಿಗೆ ಏನಾಗುತ್ತದೆಂಬುದನ್ನೂ ಈ ಸೀಮೆ ಕಂಡಿದೆ. ಸಿಂದಗಿ ತಾಲೂಕಿನ ಸಂಶೋಧಕ ಎಂ.ಎಂ. ಕಲಬುರ್ಗಿ ಶರಣ ಪರಂಪರೆಯೊಳಗೇ ಬೆಳೆದವರು, ಹೊರಗಿನ ಖಂಡನಕಾರರಲ್ಲ. ಬಸವಣ್ಣನ ಸೋದರಳಿಯ ಚನ್ನಬಸವಣ್ಣನ ಹುಟ್ಟಿನ ಕುರಿತು ತಮ್ಮ ಲೇಖನಗಳ ಸಂಕಲನ ‘ಮಾರ್ಗ’ದಲ್ಲಿ ಬರೆದದ್ದಕ್ಕಾಗಿ 1989ರಲ್ಲಿ ಅವರು ಒತ್ತಡಕ್ಕೆ ಸಿಕ್ಕಿ ತಮ್ಮ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಒಂದು ಹುಟ್ಟಿನ ಪ್ರಶ್ನೆಯೇ ಅದೂ. ಆಮೇಲೂ ಅವರು ವಚನಗಳನ್ನು ಬಿಡಲಿಲ್ಲ. ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳು 1993ರಲ್ಲಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಹೊರಬಂದವು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಬಸವಣ್ಣ ಏನು ಹೇಳಿದ ಎಂದು ಪಾಠ ನೋಡಬೇಕಾದ ಭಕ್ತರೂ, ಅವನನ್ನು ದೇವರಿಲ್ಲದೆ ಓದಬಯಸುವ ವಿಚಾರವಾದಿಗಳೂ ಇಂದಿಗೂ ತೆರೆಯುವುದು ಆ ಸಂಪುಟಗಳನ್ನೇ.