ಪಾನಕದ ಪೂರ್ವೋತ್ತರ

ಚೈತ್ರ ಶುದ್ಧ ನವಮಿಯ ದಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಯಾವ ಪೇಟೆಬೀದಿಯಲ್ಲಿ ನಡೆದರೂ ನಿಮ್ಮ ಕೈಗೆ ಒಂದು ಲೋಟ ಪಾನಕ ಬಂದೇ ಬರುತ್ತದೆ. ಬೇಡವೆಂದರೆ ಕೊಡುವವರ ಮುಖ ಚಿಕ್ಕದಾಗುತ್ತದೆ. ಜತೆಗೆ ಹೆಸರುಬೇಳೆಯ ಕೋಸಂಬರಿ, ನೀರುಮಜ್ಜಿಗೆ. ರಾಮದೇವರ ಬೆಟ್ಟದ ನೆರಳಿನಲ್ಲಿರುವ ಊರಿಗೆ ಇದು ಸಹಜವೇ ಸರಿ. ಆದರೆ ಈ ಪಾನೀಯವನ್ನು ರಾಮನವಮಿಯೊಂದಕ್ಕೇ ಕಟ್ಟಿಹಾಕಿದರೆ ಅದರ ಚರಿತ್ರೆಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ರಾಜರ ಯುದ್ಧಗಳನ್ನು ವರ್ಣಿಸಿದ ಕವಿಗಳು, ದಣಿದು ಬಂದ ಸೈನಿಕ ಏನು ಕುಡಿದನೆಂಬುದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಈ ವಿಷಯದಲ್ಲಿ ಕನ್ನಡ ನಾಡು ಕೊಂಚ ಅದೃಷ್ಟಶಾಲಿ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಜ್ಯೋತಿಷ್ಯ, ವೈದ್ಯಗಳ ಜತೆಗೆ ಅಡುಗೆಗೂ ಸ್ಥಳವಿದೆ. ಅದಾದ ಒಂದು ಶತಮಾನದ ಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದಾಗ, ರಾಜಭೋಗಗಳ ಪಟ್ಟಿಯಲ್ಲಿ ಅನ್ನಭೋಗದ ಜತೆಗೆ ಪಾನೀಯಭೋಗಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟ. ಕುಡಿಯುವ ನೀರಿಗೇ ಪರಿಮಳ ಕಟ್ಟುವ ವಿಧಾನಗಳನ್ನು ಹೇಳಿದ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಕನ್ನಡದಲ್ಲಿ, ಅದೂ ಷಟ್ಪದಿಯಲ್ಲಿ ರಚಿಸಿದಾಗ, ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಬದನೆಕಾಯಿಗೂ ಪಾನಕಕ್ಕೂ ಛಂದಸ್ಸಿನ ಗೌರವ ದೊರೆತ ಭಾಷೆ ನಮ್ಮದು! ಮಂಗರಸ ಜೈನಕವಿ ಎಂಬುದನ್ನೂ ನೆನಪಿಡಬೇಕು. ಪಾನಕ ಯಾವುದೊಂದು ಮತದ ಸೊತ್ತಾಗಿ ನಮಗೆ ಬಂದದ್ದಲ್ಲ.

ಇವೆಲ್ಲ ಅರಮನೆಯ ಮಾತು. ಬೀದಿಯ ಮಾತು ಬೇಕಾದರೆ ಶಾಸನಗಳ ಕಡೆ ತಿರುಗಬೇಕು. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಗಳಿಗೆ ಭೂಮಿಯನ್ನು ದತ್ತಿಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಬರುತ್ತದೆ. ಆ ಶಬ್ದದ ಮೊದಲಲ್ಲಿರುವ ‘ಅಱ’ ಎಂದರೆ ಧರ್ಮ. ಸಂಸ್ಕೃತದ ‘ಪ್ರಪೆ’ಗಿಂತ ನಮ್ಮ ದೇಸಿ ಮಾತು ನನಗೆ ಹೆಚ್ಚು ಪ್ರಿಯ, ನೀರು ಕೊಡುವುದು ಎಂತಹ ಕೆಲಸವೆಂಬುದನ್ನು ಆ ಹೆಸರೇ ಹೇಳುತ್ತದೆ. ಮಾಗಡಿಯ ಕಡೆ ಇದನ್ನು ‘ಅರವಂಟಿಗೆ’ ಎನ್ನುವುದುಂಟು. ಚೈತ್ರದಲ್ಲಿ ಅಲ್ಲಿನ ತಿರುಮಲೆ ರಂಗನಾಥಸ್ವಾಮಿಯ ತೇರಿಗೆ ಹೋದವರಿಗೆ ಅರವಂಟಿಗೆಯ ಅರ್ಥವನ್ನು ನಿಘಂಟು ಹೇಳಬೇಕಾಗಿಲ್ಲ.

ಇನ್ನು ಸಿಹಿಯ ವಿಚಾರ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಬಳೆಗಳನ್ನೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳನ್ನೂ ಕಂಡು ಬರೆದ. ಅಲ್ಲಿ ತಯಾರಾಗುತ್ತಿದ್ದ ಸಕ್ಕರೆಯನ್ನೂ ಗಮನಿಸಿದ. (ಅದೇ ಕಾಲದಲ್ಲಿಯೇ ರಾಮನಗರಕ್ಕೆ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರು ಅಂಟಿಕೊಂಡು ಕ್ಲೋಸ್‌ಪೇಟೆಯಾಯಿತು.) ಆದರೆ ಬಿಳಿ ಸಕ್ಕರೆ ಆಗ ಸಾಮಾನ್ಯರ ಮನೆಯ ಪದಾರ್ಥವಲ್ಲ, ಜನರ ಸಿಹಿಯೆಂದರೆ ಬೆಲ್ಲ. ಕೃಷ್ಣರಾಜಸಾಗರದ ನೀರು ಹರಿದು ಮಂಡ್ಯದ ಬಯಲು ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನೆರೆಯಲ್ಲೇ ಇದ್ದ ನಮ್ಮ ಊರುಗಳಿಗೆ ಒಂದು ಕಡೆಯಿಂದ ಆಲೆಮನೆಯ ಅಚ್ಚುಬೆಲ್ಲ, ಇನ್ನೊಂದು ಕಡೆಯಿಂದ ಕಾರ್ಖಾನೆಯ ಸಕ್ಕರೆ ಎರಡೂ ಬಂದವು. ಸಕ್ಕರೆ ಕಾಫಿಯ ಬಟ್ಟಲನ್ನು ಗೆದ್ದಿತು, ಪಾನಕದ ಹಂಡೆಯನ್ನು ಗೆಲ್ಲಲಾಗಲಿಲ್ಲ. ನಿಂಬೆಯ ಪಾನಕಕ್ಕೆ ಮಾತ್ರ ಅದು ನುಸುಳಿತು.

ಇದನ್ನೆಲ್ಲ ಪುಸ್ತಕದಲ್ಲಿ ಓದುವುದು ಒಂದು, ನಾಲಿಗೆಯಿಂದ ತಿಳಿಯುವುದು ಇನ್ನೊಂದು. ಹೋದ ವರ್ಷ ಇಂಗ್ಲೆಂಡಿನಲ್ಲಿರುವ ನನ್ನ ಮಗಳು ಬೇಸಿಗೆಯಲ್ಲಿ ಊರಿಗೆ ಬಂದಾಗ, ಅಲ್ಲಿನವರು ಕ್ರಿಸ್‌ಮಸ್ ಹಬ್ಬಕ್ಕೆಂದು ತಯಾರಿಸುವ ಪರಿಮಳದ ಚಹಾದ ಎರಡು ಪೊಟ್ಟಣಗಳನ್ನು ತಂದಿದ್ದಳು. ಒಂದರಲ್ಲಿ ದಾಲ್ಚಿನ್ನಿ ಮತ್ತು ಲವಂಗ, ಇನ್ನೊಂದರಲ್ಲಿ ಕಿತ್ತಳೆಯ ಒಣಸಿಪ್ಪೆ ಮತ್ತು ಶುಂಠಿ. ನಮ್ಮ ಮನೆಯವರು ಅಂದೇ ನಾಲ್ಕು ಬಗೆಯ ಪಾನಕ ಮಾಡಿದ್ದರು. ಊಟದ ಮೇಜಿನ ಮೇಲೆ ಆರು ಲೋಟಗಳನ್ನಿಟ್ಟು ಒಂದೊಂದಾಗಿ ರುಚಿನೋಡುತ್ತ ಹೋದೆವು.

ಬೆಲ್ಲದ ಪಾನಕವನ್ನು ನಾಲಿಗೆಯ ತುದಿಯಿಂದ ತಿಳಿಯುವುದು ಸಾಧ್ಯವಿಲ್ಲ. ಮೊದಲು ಸಿಹಿ, ಉಸಿರಿನಲ್ಲಿ ಏಲಕ್ಕಿ, ನುಂಗಿದ ಮೇಲೆ ಗಂಟಲಲ್ಲಿ ಮೆಣಸು. ಕೊನೆಗೆ ಒಣಶುಂಠಿಯ ಬಿಸಿ ಎದೆಯವರೆಗೂ ಇಳಿಯುತ್ತದೆ. ಕಪ್ಪು ಬೆಲ್ಲಕ್ಕೆ ಆಲೆಮನೆಯ ಹೊಗೆಯ ವಾಸನೆಯೂ ಉಂಟು. ಹೊಳಪಿಗಾಗಿ ಔಷಧಿ ಹಾಕಿ ತೊಳೆದ ಹಳದಿ ಬೆಲ್ಲಕ್ಕೆ ಅದಿಲ್ಲ. ಬೇಲದ ಹಣ್ಣಿನ ಪಾನಕ ನನ್ನ ಮಟ್ಟಿಗೆ ಇವುಗಳಲ್ಲಿ ಹಿರಿಯದು. ಓಡು ಒಡೆದು, ತಿರುಳನ್ನು ನೀರಿನಲ್ಲಿ ಕಿವುಚಿ, ನಾರು ಬೀಜ ಬೇರ್ಪಡಿಸುವ ಶ್ರಮವಿದೆ. ಆದರೆ ಆ ಹುಳಿಯೊಗರು ಬೆಲ್ಲದ ಸಿಹಿಯನ್ನು ಹದ್ದಿನಲ್ಲಿಡುವಂತೆ ನಿಂಬೆ ಇಡಲಾರದು. ಕರಬೂಜದ್ದು ಪಾನಕಕ್ಕಿಂತ ಪಾಯಸಕ್ಕೆ ಹತ್ತಿರ. ಮಕ್ಕಳಿಗೆ ಅದೇ ಇಷ್ಟ, ಅವರ ಮಾತನ್ನು ಈ ವಿಷಯದಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂಗ್ಲಿಷ್ ಚಹಾಗಳನ್ನು ಕುಡಿದು ನನ್ನ ಮಗಳು, “ಅಪ್ಪ, ಇದು ನಮ್ಮ ಪಾನಕವನ್ನೇ ಬಿಸಿ ಮಾಡಿದ ಹಾಗಿದೆ” ಎಂದಳು. ಆ ಮಾತಿನಲ್ಲಿ ಸತ್ಯವಿದೆ. ಮಲಬಾರಿನ ಮೆಣಸು, ಸಿಂಹಳದ ದಾಲ್ಚಿನ್ನಿ, ಮೊಲುಕ್ಕಾ ದ್ವೀಪಗಳ ಲವಂಗ ಹಡಗು ಹತ್ತಿ ಯೂರೋಪನ್ನು ಮುಟ್ಟಿದಾಗ ಬಂಗಾರದ ಬೆಲೆಯ ವಸ್ತುಗಳು. ಆದುದರಿಂದಲೇ ಅವು ಅಲ್ಲಿ ಹಬ್ಬಕ್ಕೆ ಮೀಸಲಾದವು. ಅಲ್ಲಿಯ ಹಬ್ಬ ಹಿಮದಲ್ಲಿ ಬರುವುದರಿಂದ ಅವನ್ನು ಬಿಸಿ ಪಾನೀಯಕ್ಕೆ ಬೆರೆಸಿದರು. ನಮ್ಮ ಹಬ್ಬ ಬಿಸಿಲಿನಲ್ಲಿ ಬರುತ್ತದೆ. ನಾವು ಮಡಕೆಯ ತಣ್ಣೀರಿಗೆ ಬೆರೆಸಿದೆವು. ಹಬ್ಬದ ರುಚಿಯಲ್ಲಿ ದೇವರಿಗಿಂತ ಋತುವಿನ ಪಾಲು ಹೆಚ್ಚೆಂದು ನನಗೆ ಅಂದು ತೋರಿತು.

ಚಹಾ ನಮ್ಮಲ್ಲಿಗೆ ಬಂದ ಬಗೆಯೇ ಬೇರೆ. ಅದು ಹಬ್ಬದ ಕೈಹಿಡಿದು ಬರಲಿಲ್ಲ, ಜಾಹೀರಾತಿನ ಗಾಡಿಯೇರಿ ಬಂದಿತು. 1903ರಿಂದ ತೋಟಗಾರರ ಮೇಲೆ ಸೆಸ್ ಹಾಕಿ ಪ್ರಚಾರಕ್ಕೆ ಹಣ ಕೂಡಿಸಿದರು. 1937ರಲ್ಲಿ ಭಾರತೀಯ ಚಹಾ ಮಾರುಕಟ್ಟೆ ವಿಸ್ತರಣಾ ಮಂಡಳಿ ಎಂಬ ದೊಡ್ಡ ಹೆಸರಿನ ಸಂಸ್ಥೆ ಆ ಕೆಲಸವನ್ನು ಮುಂದುವರಿಸಿತು. ಪುಕ್ಕಟೆಯಾಗಿ ಚಹಾ ಕುಡಿಸಿ ಮಾಡುವ ಕ್ರಮವನ್ನೂ ಕಲಿಸಿದರು. ಶುಂಠಿ ಏಲಕ್ಕಿ ಹಾಕಿದರೆ ಎಲೆಯ ಖರ್ಚು ಕಡಮೆಯಾಗುವುದೆಂದು ಪ್ರಚಾರಕರಿಗೆ ಅದು ಹಿಡಿಸಲಿಲ್ಲ. ಜನ ಪುಕ್ಕಟೆ ಚಹಾ ಕುಡಿದರು, ಉಪದೇಶವನ್ನು ಅಲ್ಲೇ ಬಿಟ್ಟು, ಮನೆಯ ಪಾನಕದ ಸಂಬಾರವನ್ನು ಚಹಾಕ್ಕೂ ಕುಟ್ಟಿಹಾಕಿದರು.

ರುಚಿಯ ಮಾತು ಇಷ್ಟು. ಆದರೆ ಮನೆಯ ಮೇಜಿನ ಮೇಲಿಟ್ಟ ಆರು ಲೋಟಗಳಲ್ಲಿ ಕಾಣದ ಒಂದು ಸಂಗತಿ ಪಾನಕದ ಚರಿತ್ರೆಯಲ್ಲಿದೆ. ನಾನು ಹುಡುಗನಾಗಿದ್ದಾಗ, ಅಂದರೆ 1960ರ ದಶಕದ ಕೊನೆಯಲ್ಲಿ, ನಮ್ಮ ಹಳ್ಳಿಯ ಅರವಟ್ಟಿಗೆಯಲ್ಲಿ ಎಲ್ಲರಿಗೂ ಪಾನಕ ಸಿಕ್ಕುತ್ತಿತ್ತು. ಕೆಲವರಿಗೆ ಲೋಟದಲ್ಲಿ, ಕೆಲವರಿಗೆ ಬೊಗಸೆಯಲ್ಲಿ. ಬೊಗಸೆಯವರು ಚಪ್ಪರದ ಹೊರಗೆ ಬಿಸಿಲಿನಲ್ಲಿ ಬಗ್ಗಿ ನಿಲ್ಲುತ್ತಿದ್ದರು. ಚೊಂಬನ್ನು ಮೊಳದೆತ್ತರಕ್ಕೆ ಎತ್ತಿ, ತಾಗದಂತೆ ಸುರಿಯುತ್ತಿದ್ದರು. ಬೆರಳ ಸಂದಿಯಿಂದ ಮೊಣಕೈಗೆ ಇಳಿಯುತ್ತಿದ್ದ ಬೆಲ್ಲದ ನೀರಿಗೆ ನೊಣ ಮುತ್ತುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಅಸ್ಪೃಶ್ಯತೆಯನ್ನು 1950ರಲ್ಲಿ ಸಂವಿಧಾನ ರದ್ದುಗೊಳಿಸಿತ್ತು. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯಿದೆಯೂ ಬಂದಿತ್ತು. ಧರ್ಮವೆಂಬ ಅರ್ಥದ ಶಬ್ದವನ್ನು ತನ್ನ ಹೆಸರಿನಲ್ಲೇ ಹೊತ್ತ ಚಪ್ಪರ ಈ ಎರಡನ್ನೂ ಓದಿರಲಿಲ್ಲ. ಹೊಸಗಾಲದ ಚಹಾದಂಗಡಿಯಾದರೂ ಭೇದವನ್ನು ಅಳಿಸೀತೆಂದರೆ, ಅಲ್ಲಿಯೂ ಎಷ್ಟೋ ಕಡೆ ಗೋಡೆಯ ಗೂಡಿನಲ್ಲಿ ಬೇರೆ ಲೋಟ ಕಾದಿರುತ್ತಿತ್ತು.

ಈಗ ಕುಡಿದು ಎಸೆಯುವ ಕಾಗದದ ಲೋಟ ಬಂದಿದೆ. ಯಾರಿಗೆ ಯಾವ ಲೋಟವೆಂಬ ಪ್ರಶ್ನೆಯೇ ಏಳುವುದಿಲ್ಲ. ಬಗೆಹರಿಯಿತೆಂದಲ್ಲ, ಏಳುವುದಿಲ್ಲ ಅಷ್ಟೆ. ಪಡೆಯುವವರ ಸಾಲು ಒಂದಾಗಿದೆ. ಹಂಡೆಯ ಹಿಂದೆ ನಿಂತು ಕೊಡುವವರ ಸಾಲನ್ನು ನಾನು ಪ್ರತಿವರ್ಷ ಗಮನಿಸುತ್ತೇನೆ. ಎರಡು ವರ್ಷಗಳಿಂದ ನಮ್ಮ ಬೀದಿಯ ಅರವಟ್ಟಿಗೆಗೆ ಕಾಲೊನಿಯ ಇಬ್ಬರು ಹುಡುಗರು ಬರುತ್ತಿದ್ದಾರೆ. ಚಪ್ಪರ ಕಟ್ಟುತ್ತಾರೆ, ನೀರಿನ ಕ್ಯಾನು ಹೊರುತ್ತಾರೆ, ಹೋದ ವರ್ಷ ಬೆಲ್ಲವನ್ನೂ ಕುಟ್ಟಿದರು. ಸೌಟು ಇನ್ನೂ ಅವರ ಕೈಗೆ ಬಂದಿಲ್ಲ.