ಜಾರ್ಜ್‌ಟೌನ್‌ನ ಮತಪೆಟ್ಟಿಗೆ

ಜಿಮ್ಮಿ ಕಾರ್ಟರ್ ಎಂದೊಡನೆ ನೆನಪಾಗುವುದು ಅಮೆರಿಕದ 39ನೆಯ ಅಧ್ಯಕ್ಷ, ಕ್ಯಾಂಪ್ ಡೇವಿಡ್ ಒಪ್ಪಂದ, ಇರಾನಿನಲ್ಲಿ ಸಿಕ್ಕಿಬಿದ್ದ ಒತ್ತೆಯಾಳುಗಳು. ಆದರೆ ಅವರ ರಾಜಕೀಯ ಶುರುವಾದದ್ದು ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನ ಮತಪೆಟ್ಟಿಗೆಯ ವ್ಯಾಜ್ಯದಿಂದ. ಆ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದು ಒಂದು ಪ್ರಶ್ನೆ. ಅದರವರೆಗೆ ಬರಲಾಗದೆ ಹೋದವರು ಯಾರು ಎಂಬುದು ಇನ್ನೊಂದು.

ಕಾರ್ಟರ್ ನೌಕಾಪಡೆಯ ಅಧಿಕಾರಿಯಾಗಿದ್ದವರು. 1953ರಲ್ಲಿ ತಂದೆ ಅರ್ಲ್ ತೀರಿಕೊಂಡಾಗ ಕೆಲಸ ಬಿಟ್ಟು ಹುಟ್ಟೂರು ಪ್ಲೇನ್ಸ್‌ಗೆ ಮರಳಿದರು. ಮರುವರ್ಷವೇ ಬರ. ಆ ವರ್ಷದ ಲಾಭ 300 ಡಾಲರಿಗೂ ಕಡಿಮೆ. ಸಂಸಾರ ಸರ್ಕಾರಿ ವಸತಿಯಲ್ಲಿತ್ತು. ನಿಧಾನವಾಗಿ ಕಡಲೆಕಾಯಿ ಬಿತ್ತನೆ ಬೀಜ, ಗೊಬ್ಬರ, ಗೋದಾಮಿನ ವ್ಯಾಪಾರ ಕುದುರಿತು. ಲೆಕ್ಕದ ಪುಸ್ತಕ ನೋಡಿಕೊಂಡವರು ಹೆಂಡತಿ ರೋಸಲಿನ್.

ಬಿಳಿಯರ ಪ್ರಾಬಲ್ಯ ಉಳಿಸಲು ಹುಟ್ಟಿದ ವೈಟ್ ಸಿಟಿಜನ್ಸ್ ಕೌನ್ಸಿಲ್ಲಿಗೆ ಸೇರಲು ಊರಿನವರು ಒತ್ತಾಯಿಸಿದಾಗ ಕಾರ್ಟರ್ ಒಪ್ಪಲಿಲ್ಲ. ಐದು ಡಾಲರ್ ಚಂದಾ ನಾವೇ ಕಟ್ಟುತ್ತೇವೆ ಎಂದರೂ ಬೇಡವೆಂದರು. ಕೆಲವು ಗಿರಾಕಿಗಳು ಅಂಗಡಿಗೆ ಬರುವುದನ್ನೇ ಬಿಟ್ಟರು. ಗಿರಾಕಿಗಳನ್ನು ನಂಬಿ ಬದುಕುವ ವ್ಯಾಪಾರಿಗೆ ಇದು ಸಣ್ಣ ಪೆಟ್ಟಲ್ಲ.

ಆಗ ಜಾರ್ಜಿಯಾದಲ್ಲಿ ಕೌಂಟಿಗಳ ಲೆಕ್ಕದ ಚುನಾವಣಾ ಪದ್ಧತಿಯಿತ್ತು. ಜನಸಂಖ್ಯೆ ಎಷ್ಟೇ ಇರಲಿ, ಅತಿ ದೊಡ್ಡ ಎಂಟು ಕೌಂಟಿಗಳಿಗೆ ತಲಾ 6 ಮತ, ಅತಿ ಸಣ್ಣ 121 ಕೌಂಟಿಗಳಿಗೆ ತಲಾ 2. ಹಾಗಾಗಿ ಎಕೋಲ್ಸ್ ಕೌಂಟಿಯ ಒಬ್ಬನ ಮಾತಿಗೆ ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಯ 99 ಜನರ ತೂಕ. ಹಳ್ಳಿಯ ಪಾಳೇಗಾರರು ಕೊಬ್ಬಿದ್ದು ಇದರಿಂದಲೇ. 1962ರಲ್ಲಿ ನ್ಯಾಯಾಲಯ ಈ ಪದ್ಧತಿಯನ್ನು ತಳ್ಳಿಹಾಕಿತು. ರಾಜ್ಯದ ಸೆನೆಟ್ ಕ್ಷೇತ್ರಗಳನ್ನೂ ಹೊಸದಾಗಿ ವಿಂಗಡಿಸಬೇಕಾಯಿತು. ಅಕ್ಟೋಬರ್ 1ರಂದು, ತಮ್ಮ 38ನೆಯ ಹುಟ್ಟುಹಬ್ಬದ ದಿನ, ಕಾರ್ಟರ್ ಸ್ಪರ್ಧಿಸುವ ತೀರ್ಮಾನ ಮಾಡಿದರು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಗೆ ಉಳಿದಿದ್ದದ್ದು ಹದಿನೈದೇ ದಿನ. ಡೆಮಾಕ್ರಟಿಕ್ ಪಕ್ಷದ ಹಿಡಿತದಲ್ಲಿದ್ದ ಅಲ್ಲಿ ಪ್ರೈಮರಿ ಗೆದ್ದವರೇ ಬಹುಮಟ್ಟಿಗೆ ಗೆದ್ದಂತೆ.

ಮೊದಲ ಎಣಿಕೆಯಲ್ಲಿ ಕಾರ್ಟರ್ 139 ಮತಗಳಿಂದ ಸೋತರು. ಸೋಲಿಸಿದ್ದು ಕ್ವಿಟ್‌ಮನ್ ಕೌಂಟಿಯ ಜಾರ್ಜ್‌ಟೌನ್ ಪೆಟ್ಟಿಗೆ. ಅಲ್ಲಿನ ಯಜಮಾನ ಜೋ ಹರ್ಸ್ಟ್. ಮತದಾರರು ಅವನ ಕಣ್ಣೆದುರೇ ಚೀಟಿ ಗುರುತು ಮಾಡಬೇಕಿತ್ತು. ಅಟ್ಲಾಂಟಾದ ಪತ್ರಕರ್ತ ಜಾನ್ ಪೆನ್ನಿಂಗ್ಟನ್ ಊರಿಗೆ ಹೋಗಿ ಹುಡುಕಿದಾಗ, ಪಟ್ಟಿಯಲ್ಲಿ ಸತ್ತವರೂ ಜೈಲಿನಲ್ಲಿದ್ದವರೂ ಮತ ಹಾಕಿದ್ದು ತಿಳಿಯಿತು. ಮತ ಹಾಕಿದವರು 333, ಪೆಟ್ಟಿಗೆಯಲ್ಲಿದ್ದ ಚೀಟಿ 420! ವಕೀಲ ಚಾರ್ಲ್ಸ್ ಕರ್ಬೋ ವಾದಿಸಿದರು. ನ್ಯಾಯಾಧೀಶ ಕಾರ್ಲ್ ಕ್ರೋ ಆ ಪೆಟ್ಟಿಗೆಯ ಮತಗಳನ್ನು ತಳ್ಳಿಹಾಕಿದರು. ಕಾರ್ಟರ್ 65 ಮತಗಳಿಂದ ಮುಂದೆ ಬಂದರು. ನವೆಂಬರ್ ಚುನಾವಣೆಯನ್ನೂ ಗೆದ್ದು 1963ರ ಜನವರಿಯಲ್ಲಿ ಸೆನೆಟ್ ಸೇರಿದರು.

ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಸತ್ಯದ ಗೆಲುವು. ಆದರೆ ಕಾರ್ಟರರ ಕೌಂಟಿಯಲ್ಲಿ ಸುಮಾರು ಅರ್ಧದಷ್ಟು ಜನ ಕಪ್ಪುವರ್ಣೀಯರು. ಅವರಲ್ಲಿ ಹೆಚ್ಚಿನವರ ಹೆಸರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ಹೆಸರು ಸೇರಿಸಲು ಹೋದವರನ್ನು ತಡೆಯಲು ಮೂವತ್ತು ಪ್ರಶ್ನೆಗಳ ಪರೀಕ್ಷೆಯಿತ್ತು. ಕಳ್ಳ ಮತವನ್ನು ನ್ಯಾಯಾಲಯ ಎಣಿಸಿ ಹಿಡಿಯಬಹುದು. ಪೆಟ್ಟಿಗೆಗೆ ಬೀಳದ ಮತವನ್ನು ಎಣಿಸುವುದು ಹೇಗೆ? ಸೆನೆಟ್‌ನಲ್ಲಿ ಕಾರ್ಟರ್ ಮಾಡಿದ ಮೊದಲ ಭಾಷಣ ಆ ಮೂವತ್ತು ಪ್ರಶ್ನೆಗಳ ವಿರುದ್ಧ. ತನ್ನ ಮಾತು ಊರಿಗೆ ಮುಟ್ಟೀತೆಂಬ ಭಯದಲ್ಲೇ ಅದನ್ನು ಮಾಡಿದರು.

ಆ ಭಯ ಅಲ್ಲಿಗೇ ಹೋಗಲಿಲ್ಲ. 1966ರಲ್ಲಿ ಗವರ್ನರ್ ಸ್ಪರ್ಧೆಯಲ್ಲಿ ಸೋತವರು 1970ರಲ್ಲಿ ವರ್ಣಭೇದವಾದಿ ಜಾರ್ಜ್ ವಾಲೆಸ್‌ನ ಬೆಂಬಲಿಗರನ್ನು ಓಲೈಸಿಯೇ ಗೆದ್ದರು. ಆಮೇಲೆ, 1971ರ ಜನವರಿ 12ರಂದು, ಗವರ್ನರ್ ಆಗಿ ಮಾಡಿದ ಮೊದಲ ಭಾಷಣದಲ್ಲಿ ಜನಾಂಗ ತಾರತಮ್ಯದ ಕಾಲ ಮುಗಿಯಿತೆಂದು ಸಾರಿದರು. ಮತ ಕೊಟ್ಟ ಎಷ್ಟೋ ಬಿಳಿಯರಿಗೆ ಇದು ಮೋಸವೆನಿಸಿತು. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಸಂತನೂ ಸಿಗುವುದಿಲ್ಲ, ಠಕ್ಕನೂ ಸಿಗುವುದಿಲ್ಲ. ಸಿಗುವುದು ನಷ್ಟವನ್ನು ತೂಗಿ ನೋಡಿ, ಕೆಲವೊಮ್ಮೆ ಅದನ್ನು ಹೊರಲು ಒಪ್ಪಿದ ವ್ಯಾಪಾರಿ.

ಅಧ್ಯಕ್ಷಗಿರಿ ಮುಗಿದ ಮೇಲೆ ಕಾರ್ಟರ್ ಸೆಂಟರ್ ಜಗತ್ತಿನ ನೂರಕ್ಕೂ ಹೆಚ್ಚು ಚುನಾವಣೆಗಳಿಗೆ ವೀಕ್ಷಕರನ್ನು ಕಳಿಸಿತು. 1989ರಲ್ಲಿ ಪನಾಮಾದ ಎಣಿಕೆ ಮೋಸವೆಂದು ಅವರೇ ಅಲ್ಲಿ ನಿಂತು ಹೇಳಿದರು. 1992ರಲ್ಲಿ ಒಂದು ಇಡೀ ಪುಸ್ತಕ ಬರೆದದ್ದು 1962ರ ಆ ಚುನಾವಣೆಯ ಬಗ್ಗೆ. ಅಧ್ಯಕ್ಷನಾಗಿದ್ದವನಿಗೆ ಮೂವತ್ತು ವರ್ಷಗಳ ನಂತರವೂ ಜಾರ್ಜ್‌ಟೌನ್‌ನ ಪೆಟ್ಟಿಗೆ ಮರೆತಿರಲಿಲ್ಲ.